ಉಪ್ಪು, ನೀರು ಮತ್ತು ಮೂತ್ರಪಿಂಡದ ಒಳಗುಟ್ಟು

ಅಮ್ಮೀ ಆಸ್ಪತ್ರೆಯಲ್ಲಿದ್ದ ಆ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಒಂದು ಸಂಖ್ಯೆಗೆ ಜೋತುಬಿದ್ದಿದ್ದೆವು. ರಕ್ತದಲ್ಲಿ ಸೋಡಿಯಂ 112. ಇರಬೇಕಾದದ್ದು 135ರಿಂದ 145ರೊಳಗೆ. ಬಿ.ಪಿ.ಗೆಂದು ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಒಂದು ಮಾತ್ರೆ. ಬಾಯಿರುಚಿ ಕೆಟ್ಟು ಊಟ ಬಿಟ್ಟದ್ದು. ಸೆಕೆಗೆ ಚೊಂಬುಗಟ್ಟಲೆ ಕುಡಿದ ಬರಿಯ ನೀರು. ಮೂರೂ ಸೇರಿ ಹೀಗಾಗಿತ್ತು. ಅವರು ನನ್ನನ್ನು ತೀರಿಹೋದ ಮಾಮೂವಿನ ಹೆಸರಿನಿಂದ ಕರೆಯತೊಡಗಿದ್ದರು.

“ಉಪ್ಪು ಕಡಿಮೆಯಾಗಿದ್ದರೆ ಉಪ್ಪು ಹಾಕಿದರಾಯಿತಲ್ಲ, ಬೆಳಗಾಗುವುದರೊಳಗೆ ಸರಿಹೋಗುತ್ತದೆ” ಎಂದು ನನ್ನ ತಮ್ಮ ವಾದಿಸಿದ. ಡ್ಯೂಟಿಯಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮ ಒಪ್ಪಲಿಲ್ಲ. “ದಿನಕ್ಕೆ ಎಂಟು ಅಂಕಕ್ಕಿಂತ ಹೆಚ್ಚು ಏರಿಸುವುದಿಲ್ಲ ಸಾರ್. ಅವಸರ ಮಾಡಿದರೆ ಮಿದುಳಿಗೆ ಪೆಟ್ಟಾಗುತ್ತದೆ” ಎಂದರು. ತಮ್ಮ ಹೊರಗೆ ಬಂದು, “ಬಿಲ್ಲು ಬೆಳೆಸುವ ಉಪಾಯ ಇದು ಭಾಯಿಜಾನ್” ಎಂದ. ನಾನು ಅವನಿಗೆ ಬೈದೆನಾದರೂ ಒಳಗೊಳಗೇ ನನಗೂ ಅದೇ ಅನುಮಾನ. ಕಡಿಮೆಯಾದದ್ದನ್ನು ಬೇಗ ತುಂಬಿದರೆ ಹಾನಿ ಯಾಕಾಗಬೇಕು? ಈ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದವನಿಗೆ ಉಪ್ಪು ನೀರಿನ ಒಂದು ಉದ್ದನೆಯ ಚರಿತ್ರೆಯೇ ಸಿಕ್ಕಿತು. ಅದರ ಹೆಚ್ಚಿನ ಭಾಗ ನಡೆದದ್ದು ಮಿದುಳಿನಲ್ಲಲ್ಲ, ಮೂತ್ರಪಿಂಡದಲ್ಲಿ.

ನಮ್ಮ ಹಳೆಯ ಹಕೀಮರು ರೋಗಿಯ ಮೂತ್ರವನ್ನು ಗಾಜಿನ ಸೀಸೆಯಲ್ಲಿ ಹಿಡಿದು ಬೆಳಕಿಗೊಡ್ಡಿ ನೋಡುತ್ತಿದ್ದರು. ‘ಕಾರೂರಾ’ ನೋಡುವುದು ಎಂದು ಅದಕ್ಕೆ ಹೆಸರು. ಇಬ್ನ್ ಸೀನಾರ ‘ಅಲ್-ಖಾನೂನ್’ನಲ್ಲಿ ಮೂತ್ರದ ಬಣ್ಣ, ವಾಸನೆ, ಗಸಿ, ತೆಳು-ದಪ್ಪಗಳ ಬಗ್ಗೆ ವಿವರವಾದ ಬರವಣಿಗೆಯಿದೆ. ಅವರಿಗಿಂತ ಮುಂಚೆಯೇ, ಇಂದಿನ ಟ್ಯುನೀಷಿಯಾದಲ್ಲಿರುವ ಖೈರವಾನ್‌ನಲ್ಲಿ ಐಸಾಕ್ ಇಸ್ರಾಯೀಲಿ ಎಂಬ ಯಹೂದಿ ವೈದ್ಯರು ಮೂತ್ರದ ಬಗ್ಗೆಯೇ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದಿದ್ದರು. 11ನೇ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ವೈದ್ಯರಿಗೂ ಪಾಠವಾಯಿತು. ಇವರಿಗೆಲ್ಲ ಹಿಂದಿನವನು ಗ್ರೀಕ್ ವೈದ್ಯ ಗ್ಯಾಲೆನ್, ನಮ್ಮವರ ‘ಜಾಲೀನೂಸ್’. ಕ್ರಿ.ಶ. ಎರಡನೆಯ ಶತಮಾನದಲ್ಲಿ ಆತ ಜೀವಂತ ಪ್ರಾಣಿಗಳ ಮೂತ್ರನಾಳಗಳನ್ನು ದಾರದಿಂದ ಕಟ್ಟಿ, ಮೂತ್ರಕೋಶ ಬರಿದಾಗಿಯೇ ಉಳಿದದ್ದನ್ನು ತೋರಿಸಿ, ಮೂತ್ರ ತಯಾರಾಗುವುದು ಮೂತ್ರಪಿಂಡದಲ್ಲೇ ಎಂದು ಸಾಬೀತು ಮಾಡಿದ್ದ. ಆದರೆ ಹೇಗೆ? ಮೂತ್ರಪಿಂಡಕ್ಕೆ ನೀರನ್ನು ಸೆಳೆದುಕೊಳ್ಳುವ ‘ಶಕ್ತಿ’ ಇದೆ ಎಂದು ಹೇಳಿ ಆತ ಸುಮ್ಮನಾದ. ಒಂದೂವರೆ ಸಾವಿರ ವರ್ಷ ಲೋಕವೂ ಅಷ್ಟಕ್ಕೇ ತೃಪ್ತಿಪಟ್ಟಿತು.

1662ರಲ್ಲಿ ಇಟಲಿಯ ಪೀಸಾದಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಲೊರೆಂಜೊ ಬೆಲ್ಲಿನಿ ಮೂತ್ರಪಿಂಡವನ್ನು ಕೊಯ್ದು ನೋಡಿದ. ಅದು ಬರಿಯ ಮಾಂಸದ ಗಟ್ಟಿ ಮುದ್ದೆಯಲ್ಲ, ಕೂದಲೆಳೆಯಂಥ ಕೊಳವೆಗಳ ಕಂತೆ ಎಂಬುದು ಅವನಿಗೆ ಕಂಡಿತು. ಒತ್ತಿದಾಗ ಹೊರಬಂದ ನೀರನ್ನು ನಾಲಗೆಗೆ ತಾಗಿಸಿದ. ಉಪ್ಪುಪ್ಪಾಗಿತ್ತು. ಹೇಸಿಗೆ ಎನಿಸಬಹುದು, ಆದರೆ ಅಂದಿನ ಪ್ರಯೋಗಶಾಲೆಯಲ್ಲಿ ನಾಲಗೆಗಿಂತ ಸೂಕ್ಷ್ಮವಾದ ಉಪಕರಣ ಇರಲಿಲ್ಲ. ನಾಲ್ಕು ವರ್ಷದ ಬಳಿಕ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ, ಕೊಂಬೆಗೆ ಸೇಬು ತೂಗಿದಂತೆ ರಕ್ತನಾಳಗಳಿಗೆ ತೂಗಿಕೊಂಡಿರುವ ಪುಟ್ಟ ಉಂಡೆಗಳನ್ನು ಕಂಡ. 1842ರಲ್ಲಿ ಲಂಡನ್ನಿನ ವಿಲಿಯಂ ಬೌಮನ್, ಪ್ರತಿಯೊಂದು ಉಂಡೆಯೂ ಒಂದು ಕೊಳವೆಯ ಬಾಯಲ್ಲಿ ಕುಳಿತಿದೆ ಎಂದು ತೋರಿಸಿದ. ಅದೇ ವರ್ಷ ಜರ್ಮನಿಯ ಕಾರ್ಲ್ ಲುಡ್ವಿಗ್, ಉಂಡೆಯಲ್ಲಿ ರಕ್ತ ಸೋಸಿ ಬರುತ್ತದೆ, ಮುಂದೆ ಕೊಳವೆಯಲ್ಲಿ ನೀರು ರಕ್ತಕ್ಕೆ ಮರಳುತ್ತದೆ ಎಂಬ ವಾದವನ್ನು ಮುಂದಿಟ್ಟ. ಮರಳಲು ಕಾರಣ ‘ಆಸ್ಮಾಸಿಸ್’ ಎಂದ.

ಆಸ್ಮಾಸಿಸ್ ಎಂಬ ಹೆಸರು ದೊಡ್ಡದು, ಸಂಗತಿ ನಮ್ಮ ಅಡುಗೆಮನೆಯದೇ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನ ಹೋಳು ಬಾಡಿ, ಸುತ್ತ ನೀರು ಬಿಟ್ಟಿರುತ್ತದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ. ತೆಳುವಾದ ಪೊರೆಯ ಎರಡು ಬದಿಯಲ್ಲಿ ಒಂದು ಕಡೆ ಉಪ್ಪು ಹೆಚ್ಚಿದ್ದರೆ ನೀರು ಆ ಕಡೆಗೆ ಹರಿಯುತ್ತದೆ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ, ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿಟ್ಟು, ಪೊರೆ ಉಬ್ಬುವುದನ್ನು ನೋಡಿದ. 19ನೇ ಶತಮಾನದಲ್ಲಿ ದ್ಯುತ್ರೋಶೆ ಎಂಬಾತ ಅದಕ್ಕೆ ಹೆಸರಿಟ್ಟ. ಮಾವಿನ ಹೋಳಿಗೆ ಆದದ್ದು ನಮ್ಮ ಜೀವಕೋಶಕ್ಕೂ ಆಗುತ್ತದೆ. ಕೆಂಪು ರಕ್ತಕಣವನ್ನು ಗಾಢ ಉಪ್ಪುನೀರಿನಲ್ಲಿಟ್ಟರೆ ಬಾಡುತ್ತದೆ, ಬರಿಯ ನೀರಿನಲ್ಲಿಟ್ಟರೆ ಉಬ್ಬಿ ಒಡೆಯುತ್ತದೆ.

ಲುಡ್ವಿಗ್ ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಎಂಬತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1924ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೆರ್ನ್ ಮತ್ತು ರಿಚರ್ಡ್ಸ್ ಎಂಬಿಬ್ಬರು ಕಪ್ಪೆಯ ಮೂತ್ರಪಿಂಡದ ಆ ಉಂಡೆಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿ ಚುಚ್ಚಿ, ಹನಿಯಷ್ಟೂ ಇಲ್ಲದ ದ್ರವ ಹೀರಿ ಪರೀಕ್ಷಿಸಿದರು. ಮೂತ್ರದಲ್ಲಿ ಇಲ್ಲದ ಸಕ್ಕರೆ ಅದರಲ್ಲಿತ್ತು! ಅಂದರೆ ಮೊದಲು ಎಲ್ಲವೂ ಸೋಸಿ ಹೊರಬರುತ್ತದೆ, ಆಮೇಲೆ ಬೇಕಾದದ್ದನ್ನು ದೇಹ ವಾಪಸು ಪಡೆಯುತ್ತದೆ. ನಮ್ಮ ದೇಹದ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಕೊಳವೆಗಳು. ದಿನಕ್ಕೆ ಸೋಸಿ ಬರುವ ದ್ರವ ಸುಮಾರು 180 ಲೀಟರ್, ಅದರಲ್ಲಿ ಒಂದು ಕಿಲೋಗೂ ಹೆಚ್ಚು ಉಪ್ಪು. ಕೊನೆಗೆ ಹೊರಹೋಗುವುದು ಒಂದು, ಒಂದೂವರೆ ಲೀಟರ್ ಮೂತ್ರ, ಕೆಲವೇ ಗ್ರಾಂ ಉಪ್ಪು. ಉಳಿದದ್ದೆಲ್ಲ ಮರಳಿ ರಕ್ತಕ್ಕೆ.

ಇಷ್ಟೇ ಆಗಿದ್ದರೆ ಕತೆ ಸುಲಭವಿತ್ತು. ತೊಡಕು ಏನೆಂದರೆ, ನಮ್ಮ ಮೂತ್ರ ರಕ್ತಕ್ಕಿಂತ ನಾಲ್ಕು ಪಟ್ಟು ಗಾಢವಾಗಬಲ್ಲದು. ಕರಗಿದ ವಸ್ತುಗಳನ್ನು ಅಳೆಯುವ ಮಿಲಿಆಸ್ಮೋಲ್ ಲೆಕ್ಕದಲ್ಲಿ ರಕ್ತ 290ರ ಆಸುಪಾಸು. ನೀರು ಸಿಗದ ದಿನದಲ್ಲಿ ಮೂತ್ರ 1200ರವರೆಗೆ ಹೋಗುತ್ತದೆ. ರೋಜಾದ ದಿನ ಅಸರ್ ಹೊತ್ತಿಗೆ ಗಾಢ ಹಳದಿಯಾಗುವುದು ಇದೇ ಕಾರಣಕ್ಕೆ. ಇದಾಗಬೇಕಾದರೆ ಕೊಳವೆಯ ಸುತ್ತ ಅಷ್ಟೇ ಗಾಢವಾದ ಉಪ್ಪಿನ ಪ್ರದೇಶ ಇರಬೇಕಲ್ಲ? ಅಂಥ ಜಾಗ ರಕ್ತ ಹರಿಯುವ ಮೈಯೊಳಗೆ ಎಲ್ಲಿಂದ ಬರಬೇಕು? ಕೊಳವೆಯ ಕೋಶಗಳೇ ನೀರನ್ನು ಹೇಗೋ ನೇರವಾಗಿ ಎಳೆದು ಹೊರಹಾಕುತ್ತಿರಬೇಕು ಎಂಬ ಊಹೆ ಬಹಳ ಕಾಲ ನಡೆಯಿತು.

ಉತ್ತರ ಕಣ್ಣ ಮುಂದೆಯೇ ಬಿದ್ದಿತ್ತು. 1862ರಲ್ಲಿ ಜರ್ಮನ್ ಅಂಗರಚನಾ ತಜ್ಞ ಹೆನ್ಲೆ, ಈ ಕೊಳವೆಗಳು ಮೂತ್ರಪಿಂಡದ ಒಳತಿರುಳಿಗೆ ಇಳಿದು, ತಲೆಪಿನ್ನಿನಂತೆ ಬಾಗಿ, ಮತ್ತೆ ಮೇಲೇರಿ ಬರುವುದನ್ನು ಕಂಡಿದ್ದ. 1909ರಲ್ಲಿ ಕಾರ್ಲ್ ಪೀಟರ್, ಈ ಕುಣಿಕೆ ಉದ್ದವಾಗಿರುವ ಪ್ರಾಣಿಗಳ ಮೂತ್ರ ಹೆಚ್ಚು ಗಾಢ ಎಂದೂ ಗುರುತಿಸಿದ್ದ. ಆದರೂ ಕುಣಿಕೆ ಯಾಕೆ ಎಂದು ಹೇಳಿದವನು ವೈದ್ಯನೂ ಅಲ್ಲ, ಶರೀರಶಾಸ್ತ್ರಜ್ಞನೂ ಅಲ್ಲ. ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿದ್ದ ರಸಾಯನ ವಿಜ್ಞಾನಿ ವೆರ್ನರ್ ಕೂನ್.

ಕಾರ್ಖಾನೆಗಳಲ್ಲಿ ಬಿಸಿ ದ್ರವದ ಕೊಳವೆ ಮತ್ತು ತಣ್ಣನೆಯ ದ್ರವದ ಕೊಳವೆಗಳನ್ನು ಪಕ್ಕಪಕ್ಕದಲ್ಲಿ, ಎದುರುಬದುರು ದಿಕ್ಕಿನಲ್ಲಿ ಹರಿಸಿ ಶಾಖ ಉಳಿಸುವ ವಿಧಾನವನ್ನು ಕೂನ್ ಬಲ್ಲವನು. ಮೂತ್ರಪಿಂಡದ ಕುಣಿಕೆಯಲ್ಲೂ ಇಳಿಯುವ ಕೈ, ಏರುವ ಕೈ ಪಕ್ಕಪಕ್ಕದಲ್ಲಿವೆ. ಏರುವ ಕೈಯ ಗೋಡೆ ನೀರನ್ನು ಬಿಡದೆ ಉಪ್ಪನ್ನು ಮಾತ್ರ ಹೊರಗೆ ತಳ್ಳಿದರೆ? ಆ ಉಪ್ಪು ಹೊರಗಿನ ಜಾಗದಲ್ಲಿ ಸೇರುತ್ತದೆ. ಅದು ಇಳಿಯುವ ಕೈಯಿಂದ ನೀರನ್ನು ಸೆಳೆಯುತ್ತದೆ. ಹಾಗೆ ಗಾಢವಾದ ದ್ರವವೇ ತಿರುವು ದಾಟಿ ಏರುವ ಕೈಗೆ ಬರುತ್ತದೆ. ಅದರಿಂದ ಮತ್ತೆ ಉಪ್ಪು ಹೊರಕ್ಕೆ. ಯಾವ ಹಂತದಲ್ಲೂ ಒಳಗಿಗೂ ಹೊರಗಿಗೂ ವ್ಯತ್ಯಾಸ ಸಣ್ಣದೇ, ಸುಮಾರು 200. ಆದರೆ ಮೆಟ್ಟಿಲು ಸಣ್ಣದಾದರೂ ಹತ್ತುತ್ತಾ ಹೋದರೆ ಮಹಡಿ ಸಿಗುವಂತೆ, ತುದಿಗೆ ಮುಟ್ಟುವಾಗ ಉಪ್ಪು ನಾಲ್ಕು ಪಟ್ಟಾಗಿರುತ್ತದೆ. 1942ರಲ್ಲಿ, ಸುತ್ತ ಮಹಾಯುದ್ಧ ಉರಿಯುತ್ತಿದ್ದಾಗ, ಕೂನ್ ತನ್ನ ಜೊತೆಗಾರ ರಿಫೆಲ್‌ನೊಂದಿಗೆ ಇದನ್ನು ಮಾದರಿಯಾಗಿ ಪ್ರಕಟಿಸಿದ. ಯಾರೂ ಅಷ್ಟಾಗಿ ಗಮನಿಸಲಿಲ್ಲ.

1951ರಲ್ಲಿ ಕೂನ್, ಹರ್ಗಿಟೈ, ವಿರ್ಟ್ಸ್ ಎಂಬ ಮೂವರು ಇಲಿಯ ಮೂತ್ರಪಿಂಡವನ್ನು ಹಿಮಗಟ್ಟಿಸಿ, ತೆಳುವಾಗಿ ಹೆಚ್ಚಿ, ಯಾವ ಜಾಗದ ಮಂಜು ಯಾವ ಉಷ್ಣತೆಯಲ್ಲಿ ಕರಗುತ್ತದೆ ಎಂದು ಸೂಕ್ಷ್ಮದರ್ಶಕದಡಿ ನೋಡಿದರು. ಉಪ್ಪು ಹೆಚ್ಚಿದ್ದಲ್ಲಿ ಮಂಜು ಬೇಗ ಕರಗಬೇಕು. ಹೊರಪದರದಿಂದ ಒಳತಿರುಳಿನ ತುದಿಯವರೆಗೆ ಉಪ್ಪು ಏರುತ್ತಲೇ ಹೋಗಿತ್ತು, ಕೂನ್ ಹೇಳಿದ ಹಾಗೆಯೇ.

ಇಷ್ಟಾದ ಮೇಲೂ ಅಮೆರಿಕದ ವಿದ್ವಾಂಸರು ಒಪ್ಪಲಿಲ್ಲ. ಒಪ್ಪದವರಲ್ಲಿ ಮುಖ್ಯರು ಹೋಮರ್ ಸ್ಮಿತ್. ಮೂತ್ರಪಿಂಡ ಶಾಸ್ತ್ರಕ್ಕೇ ಹಿರಿಯ ಯಜಮಾನನಂತಿದ್ದ ಮನುಷ್ಯ. ಸಮುದ್ರದ ಮೀನಿನಿಂದ ಮನುಷ್ಯನವರೆಗೆ ಮೂತ್ರಪಿಂಡ ಬೆಳೆದು ಬಂದ ಬಗೆಯನ್ನು 1953ರಲ್ಲಿ ಸಾಮಾನ್ಯರಿಗೂ ರುಚಿಸುವ ಹಾಗೆ ಪುಸ್ತಕವಾಗಿ ಬರೆದವರು. ಅವರಿಗೆ ಈ ಬಾಸೆಲ್ ಕತೆ ಸುತ್ತಿ ಬಳಸಿದ ಮಾತಾಗಿ ಕಂಡಿತು. ಅವರ ಹಟವೂ ಅರ್ಥವಾಗುವಂಥದ್ದೇ. ಈ ವಾದದ ಪ್ರಕಾರ ಕುಣಿಕೆಯಿಂದ ಮೇಲೆ ಬರುವ ದ್ರವ ರಕ್ತಕ್ಕಿಂತಲೂ ತೆಳುವಾಗಿರಬೇಕು! ಮೂತ್ರವನ್ನು ಗಾಢ ಮಾಡುವುದಕ್ಕೆ ಮೊದಲು ತೆಳು ಮಾಡುವುದೇ? ಯಾರಿಗಾದರೂ ವಿಚಿತ್ರವೆನಿಸುವ ಮಾತು.

ಆದರೆ ಅದು ಹಾಗೆಯೇ ಇತ್ತು. 1959ರಲ್ಲಿ ನಾರ್ತ್ ಕೆರೊಲಿನಾದ ಕಾರ್ಲ್ ಗಾಟ್ಸ್‌ಚಾಕ್ ಮತ್ತು ಮಾರ್ಗರೆಟ್ ಮಿಲ್ ಹ್ಯಾಮ್‌ಸ್ಟರ್ ಮತ್ತು ಮರುಭೂಮಿಯ ಇಲಿಗಳ ಮೂತ್ರಪಿಂಡಗಳಿಗೆ ಗಾಜಿನ ಸೂಜಿ ಚುಚ್ಚಿ ಅಳೆದರು. ಕುಣಿಕೆಯ ತಿರುವಿನಲ್ಲಿ, ಅದರ ಪಕ್ಕದ ಸಂಗ್ರಹ ನಾಳದಲ್ಲಿ, ಅಲ್ಲಿಯ ರಕ್ತನಾಳದಲ್ಲಿ ಮೂರೂ ಕಡೆ ಗಾಢತೆ ಒಂದೇ. ಕುಣಿಕೆ ಮುಗಿಸಿ ಮೇಲೆ ಬಂದ ದ್ರವ ಮಾತ್ರ ತೆಳು. ಅದೇ ವರ್ಷ ಹೋಮರ್ ಸ್ಮಿತ್ ತುಂಬಿದ ಸಭೆಯ ಉಪನ್ಯಾಸದಲ್ಲಿ ತಮ್ಮ ವಿರೋಧವನ್ನು ಬಿಟ್ಟುಕೊಟ್ಟು ಹೊಸ ವಾದವನ್ನು ಒಪ್ಪಿಕೊಂಡರು. ಅರವತ್ತು ದಾಟಿದ, ಜೀವನವಿಡೀ ಬೇರೆ ಪಾಠ ಹೇಳಿದ ಗುರು ಹಾಗೆ ಒಪ್ಪಿಕೊಳ್ಳುವುದನ್ನು ನಮ್ಮ ಸಾಹಿತ್ಯ ಸಭೆಗಳಲ್ಲಿ ನಾನಿನ್ನೂ ಕಂಡಿಲ್ಲ.

ಈಗ ಚಿತ್ರ ಹೀಗಾಯಿತು. ಕುಣಿಕೆಯಿಂದ ಮೇಲೆ ಬಂದ ತೆಳು ದ್ರವ ಸಂಗ್ರಹ ನಾಳದ ಮೂಲಕ ಮತ್ತೊಮ್ಮೆ ಆ ಉಪ್ಪಿನ ಪ್ರದೇಶದಲ್ಲೇ ಇಳಿಯಬೇಕು. ನಾಳದ ಗೋಡೆ ನೀರಿಗೆ ಬಾಗಿಲು ತೆರೆದರೆ ನೀರು ಉಪ್ಪಿನ ಕಡೆ ಹರಿದು ದೇಹಕ್ಕೆ ಉಳಿಯುತ್ತದೆ. ಮುಚ್ಚಿದರೆ ತೆಳು ಮೂತ್ರವಾಗಿ ಹೊರಹೋಗುತ್ತದೆ. ಬಾಗಿಲು ತೆರೆಸುವುದು ಮಿದುಳು ಕಳಿಸುವ ವಾಸೊಪ್ರೆಸಿನ್ ಎಂಬ ಹಾರ್ಮೋನು. ಕೇಂಬ್ರಿಜ್‌ನ ವರ್ನಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1947ರಲ್ಲಿ ವಿವರಿಸಿದ. ಮಿದುಳಿಗೆ ಹೋಗುವ ರಕ್ತದ ಗಾಢತೆ ನೂರಕ್ಕೆ ಎರಡರಷ್ಟು ಏರಿದರೂ ಸಾಕು, ಹುಕುಂ ಹೊರಡುತ್ತದೆ. ಆ ಬಾಗಿಲು ಯಾವುದೆಂದು ತಿಳಿಯಲು ಮಾತ್ರ 1992ರವರೆಗೆ ಕಾಯಬೇಕಾಯಿತು. ಬಾಲ್ಟಿಮೋರ್‌ನ ಪೀಟರ್ ಏಗ್ರ್ ರಕ್ತಕಣಗಳಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದ ಒಂದು ಪ್ರೋಟೀನನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿ ತೆಳು ನೀರಿನಲ್ಲಿಟ್ಟಾಗ, ಮೊಟ್ಟೆಗಳು ನಿಮಿಷಗಳಲ್ಲೇ ಉಬ್ಬಿ ಒಡೆದವು. ಅದೇ ನೀರಿನ ಬಾಗಿಲು, ಅಕ್ವಾಪೋರಿನ್. ಹಾರ್ಮೋನಿನ ಮಾತು ಕೇಳುವ ಮೂತ್ರಪಿಂಡದ ಅಕ್ವಾಪೋರಿನ್ ಅನ್ನು ಮರುವರ್ಷವೇ ಜಪಾನಿಗರು ಕಂಡುಹಿಡಿದರು. ಏಗ್ರ್‌ಗೆ 2003ರಲ್ಲಿ ನೊಬೆಲ್ ಬಂತು.

ಮರುಭೂಮಿಯ ಇಲಿ ಎಂದೆನಲ್ಲ, ಅಮೆರಿಕದ ಅರಿಝೋನಾದಲ್ಲಿ ಕಾಂಗರೂ ಇಲಿ ಎಂಬೊಂದು ಪ್ರಾಣಿಯಿದೆ. 1940ರ ದಶಕದ ಕೊನೆಯಲ್ಲಿ ಕ್ನುಟ್ ಮತ್ತು ಬೋಡಿಲ್ ಶ್ಮಿಟ್-ನೀಲ್ಸನ್ ದಂಪತಿ ಅದನ್ನು ಅಭ್ಯಾಸ ಮಾಡಿದರು. ನೀರೇ ಕುಡಿಯದೆ ಒಣ ಬೀಜ ತಿಂದು ಬದುಕಬಲ್ಲ ಜೀವಿ ಅದು. ಅದರ ಮೂತ್ರ ನಮ್ಮದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಢ. ಅದು ಸಮುದ್ರದ ನೀರು ಕುಡಿದರೂ ತಾಳಿಕೊಳ್ಳುತ್ತದೆ. ನಾವು ಕುಡಿದರೆ ಆ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ಖರ್ಚಾಗಿ ಸಾಯುತ್ತೇವೆ. ಹಡಗೊಡೆದ ನಾವಿಕರು ನೀರಿನ ನಡುವೆಯೇ ಬಾಯಾರಿ ಸತ್ತದ್ದು ಹೀಗೆ.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಉಪ್ಪಿನಲ್ಲಿ ಮಾವಿನ ಹೋಳು ಬಾಡುತ್ತದೆ, ರಕ್ತಕಣ ಬಾಡುತ್ತದೆ. ಹಾಗಿದ್ದರೆ ಆ ಒಳತಿರುಳಿನ ತುದಿಯಲ್ಲಿ ಹುಟ್ಟಿ ಅಲ್ಲೇ ಬದುಕುವ ಮೂತ್ರಪಿಂಡದ ಕೋಶಗಳು ಯಾಕೆ ಬಾಡುವುದಿಲ್ಲ? ಅವುಗಳ ಸುತ್ತ ಉಪ್ಪು ಮಾತ್ರವಲ್ಲ, ಯೂರಿಯಾ ಕೂಡ ಹೇರಳ. ಯೂರಿಯಾ ಪ್ರೋಟೀನುಗಳ ರೂಪವನ್ನೇ ಕೆಡಿಸುವ ವಸ್ತು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಅಮೆರಿಕದ ಬೆಥೆಸ್ಡಾದಲ್ಲಿ ಕೆಲಸ ಮಾಡುತ್ತಿದ್ದ ಮಾರಿಸ್ ಬರ್ಗ್. 1966ರಲ್ಲಿ ಅವರು ಮತ್ತು ಜೊತೆಗಾರರು ಮೊಲದ ಮೂತ್ರಪಿಂಡದಿಂದ ಒಂದೇ ಒಂದು ಕೊಳವೆಯ ತುಣುಕನ್ನು ಬಿಡಿಸಿ ತೆಗೆದು, ಎರಡೂ ಕಡೆ ಗಾಜಿನ ನಳಿಗೆ ಸಿಕ್ಕಿಸಿ, ಅದರೊಳಗೆ ದ್ರವ ಹರಿಸುವ ವಿದ್ಯೆ ಸಾಧಿಸಿದ್ದರು. ಏರುವ ಕೈಯ ದಪ್ಪಗೋಡೆಯ ಭಾಗ ಉಪ್ಪನ್ನು ತಳ್ಳುತ್ತದೆ, ನೀರನ್ನು ಬಿಡುವುದಿಲ್ಲ ಎಂಬುದನ್ನು 1973ರಲ್ಲಿ ನೇರವಾಗಿ ತೋರಿಸಿದವರಲ್ಲಿ ಅವರೂ ಒಬ್ಬರು. ಕಾಲು ಊದಿಕೊಂಡ ಹೃದ್ರೋಗಿಗಳಿಗೆ ಕೊಡುವ ಲ್ಯಾಸಿಕ್ಸ್ ಮಾತ್ರೆ ತಡೆಯುವುದು ಈ ತಳ್ಳುವಿಕೆಯನ್ನೇ. ಒಳಗಿನ ಉಪ್ಪಿನ ಪ್ರದೇಶವೇ ಸೊರಗುವುದರಿಂದ ನೀರನ್ನು ಹಿಡಿದಿಡಲು ಆಗದೆ ಮೂತ್ರ ಧಾರಾಳವಾಗಿ ಹೋಗುತ್ತದೆ. (ಇನ್ನೂ ಆಳದ ತೆಳುಗೋಡೆಯ ಭಾಗದಲ್ಲಿ ಉಪ್ಪು ಹೇಗೆ ಸೇರುತ್ತದೆ ಎಂಬ ತಕರಾರು ಇಂದಿಗೂ ಪೂರ್ತಿ ಬಗೆಹರಿದಿಲ್ಲ.)

1980ರ ದಶಕದಲ್ಲಿ ಬರ್ಗ್‌ರ ತಂಡ ಆ ತುದಿಯ ಕೋಶಗಳೊಳಗೆ ಏನಿದೆ ಎಂದು ಹುಡುಕಿತು. ಸಿಕ್ಕಿದ್ದು ಉಪ್ಪಲ್ಲ. ಸಾರ್ಬಿಟಾಲ್, ಇನೊಸಿಟಾಲ್, ಬೀಟೇನ್, ಮತ್ತು ಗ್ಲಿಸೆರೊಫಾಸ್ಫೊಕೋಲಿನ್ ಎಂಬ ನಾಲಗೆ ಹೊರಳದ ಇನ್ನೊಂದು. ಹೊರಗಿನ ಉಪ್ಪಿಗೆ ಸರಿದೂಗುವಷ್ಟು ಉಪ್ಪನ್ನೇ ಒಳಗೆ ತುಂಬಿಕೊಂಡರೆ ಕೋಶದ ಯಂತ್ರ ಕೆಡುತ್ತದೆ. ಅದಕ್ಕೆ ಕೋಶಗಳು ಯಾರಿಗೂ ತೊಂದರೆ ಕೊಡದ ಈ ಸಾಧು ವಸ್ತುಗಳನ್ನು ಕೂಡಿಹಾಕಿಕೊಂಡು ನೀರನ್ನು ಹಿಡಿದಿಡುತ್ತವೆ. ಬೀಟೇನ್ ಮತ್ತು ಆ ಉದ್ದ ಹೆಸರಿನ ವಸ್ತು ಯೂರಿಯಾದ ಕೇಡನ್ನೂ ಸರಿದೂಗಿಸುತ್ತವೆ. ಶಾರ್ಕ್ ಮೀನು ಕೂಡ ಇದೇ ಉಪಾಯ ಹೂಡಿದೆ. ಅದರ ಮೈತುಂಬ ಯೂರಿಯಾ, ಜೊತೆಗೆ ಅದನ್ನು ಪಳಗಿಸುವ ಇಂಥದೇ ಇನ್ನೊಂದು ವಸ್ತು. ಹಳಸಿದ ಶಾರ್ಕಿನ ಮೂಗಿಗೆ ಬಡಿಯುವ ನಾತ ಆ ಯೂರಿಯಾ ಒಡೆದು ಬಂದ ಅಮೋನಿಯಾದ್ದು.

ಸಾರ್ಬಿಟಾಲನ್ನು ಕೋಶ ಸಕ್ಕರೆಯಿಂದ ತಾನೇ ತಯಾರಿಸಿಕೊಳ್ಳುತ್ತದೆ. ತಯಾರಿಸುವ ಕಿಣ್ವದ ಹೆಸರು ಆಲ್ಡೋಸ್ ರಿಡಕ್ಟೇಸ್. ಈ ಹೆಸರು ಕಣ್ಣಿನ ಸಂಶೋಧಕರಿಗೆ ಮೊದಲೇ ಗೊತ್ತಿತ್ತು, ಖಳನಾಯಕನಾಗಿ. ಸಕ್ಕರೆ ಕಾಯಿಲೆಯಲ್ಲಿ ಕಣ್ಣಿನ ಮಸೂರದೊಳಗೆ ಸಾರ್ಬಿಟಾಲ್ ಕೂಡಿ ಪೊರೆ ಬರುವುದಕ್ಕೆ ಕಾರಣ ಎಂದು ಅದನ್ನು ದೂರುತ್ತಿದ್ದರು. ಅಷ್ಟು ಕೆಟ್ಟದ್ದು ನಮ್ಮ ಮೈಯಲ್ಲಿ ಯಾಕಿದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮೂತ್ರಪಿಂಡದಲ್ಲಿ. ಸುತ್ತ ಉಪ್ಪು ಏರಿದೊಡನೆ ಈ ಕಿಣ್ವದ ಜೀನ್ ಎಚ್ಚರಗೊಳ್ಳುತ್ತದೆ ಎಂದು 1987ರ ಹೊತ್ತಿಗೆ ಗೊತ್ತಾಯಿತು. ಎಚ್ಚರಿಸುವ ಪ್ರೋಟೀನ್ ಸಿಕ್ಕಿದ್ದು 1999ರಲ್ಲಿ. ಅದಿಲ್ಲದೆ ಹುಟ್ಟಿದ ಇಲಿಗಳ ಮೂತ್ರಪಿಂಡದ ಒಳತಿರುಳು ಸೊರಗಿ ಹೋಗುವುದನ್ನು 2004ರಲ್ಲಿ ಕಂಡರು.

ಇಲ್ಲೊಂದು ಮುಖ್ಯ ಮಾತಿದೆ. ಈ ಕೂಡಿಹಾಕುವ ಕೆಲಸ ಗಳಿಗೆಯಲ್ಲಿ ಆಗುವುದಿಲ್ಲ. ಜೀನ್ ಏಳಬೇಕು, ಕಿಣ್ವ ತಯಾರಾಗಬೇಕು, ವಸ್ತು ಸಂಗ್ರಹವಾಗಬೇಕು, ದಿನಗಳೇ ಬೇಕು. ಬಿಟ್ಟುಕೊಡುವುದು ಮಾತ್ರ ಬೇಗ. ನಾವು ಒಂದು ದೊಡ್ಡ ಲೋಟ ನೀರು ಕುಡಿದು ಸುತ್ತಲಿನ ಉಪ್ಪು ತೆಳುವಾದರೆ, ಉಬ್ಬಿ ಒಡೆಯದಿರಲೆಂದು ಮೂತ್ರಪಿಂಡದ ಕೋಶ ಸಾರ್ಬಿಟಾಲನ್ನು ನಿಮಿಷಗಳಲ್ಲಿ ಹೊರಬಿಡುತ್ತದೆ.

ಇದನ್ನು ಓದುವಾಗಲೇ ನನಗೆ ಡಾಕ್ಟರಮ್ಮನ ಮಾತು ಅರ್ಥವಾದದ್ದು. ಮಿದುಳಿನ ಕೋಶಗಳೂ ಇದೇ ವಿದ್ಯೆ ಬಲ್ಲವು, ವಸ್ತುಗಳೂ ಬಹುಮಟ್ಟಿಗೆ ಇವೇ. ರಕ್ತದ ಸೋಡಿಯಂ ಇಳಿದಾಗ ನೀರು ಮಿದುಳಿನ ಕೋಶಗಳಿಗೆ ನುಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಹಾಗಾಗಿ ಕೋಶಗಳು ಒಂದೆರಡು ದಿನದಲ್ಲಿ ತಮ್ಮ ಇನೊಸಿಟಾಲ್ ಮೊದಲಾದವನ್ನು ಹೊರಚೆಲ್ಲಿ, ಹೊಸ ತೆಳು ಲೋಕಕ್ಕೆ ಹೊಂದಿಕೊಂಡು ಬದುಕುತ್ತವೆ. ಆಗ ಯಾರಾದರೂ ಒಂದೇ ರಾತ್ರಿಯಲ್ಲಿ ಉಪ್ಪು ಏರಿಸಿದರೆ, ಚೆಲ್ಲಿದ್ದನ್ನು ಅಷ್ಟು ಬೇಗ ಮತ್ತೆ ಕೂಡಿಸಿಕೊಳ್ಳಲಾರದೆ ಕೋಶಗಳು ಬಾಡುತ್ತವೆ. ನರತಂತುಗಳ ಹೊದಿಕೆ ಕಳಚುತ್ತದೆ. 1959ರಲ್ಲಿ, ಹೋಮರ್ ಸ್ಮಿತ್ ಸೋತ ಅದೇ ವರ್ಷ, ಆಡಮ್ಸ್ ಎಂಬ ವೈದ್ಯ ಮತ್ತು ಜೊತೆಗಾರರು ಮಿದುಳಿನ ಕಾಂಡದಲ್ಲಿ ಇಂಥ ಹಾನಿಯಾಗಿದ್ದ ನಾಲ್ವರು ರೋಗಿಗಳನ್ನು ವರ್ಣಿಸಿದ್ದರು. ಕುಡಿತದಿಂದ, ಅಪೌಷ್ಟಿಕತೆಯಿಂದ ಬಂದದ್ದು ಎಂದೇ ಆಗ ಬಗೆದರು. ಮಾತು ನಿಂತು, ಕೈಕಾಲು ಬಿದ್ದುಹೋಗುವ ಈ ಕಾಯಿಲೆಗೆ ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದ ಚಿಕಿತ್ಸೆಯೇ ಕಾರಣವಾಗಬಲ್ಲದು ಎಂಬುದು 1980ರ ದಶಕದಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಲೂ 1986ರಲ್ಲಿ ಸ್ಟರ್ನ್ಸ್ ಮತ್ತು ಜೊತೆಗಾರರು ವರದಿ ಮಾಡಿದ ರೋಗಿಗಳಿಂದಲೂ ಸ್ಪಷ್ಟವಾಯಿತು. ರೋಗಿಗೆ ಫಿಟ್ಸ್ ಬರುತ್ತಿದ್ದರೆ ಮೊದಲ ಕೆಲವು ಅಂಕ ಬೇಗ ಏರಿಸಲೇಬೇಕು. ಆಮೇಲೆ ಕೈ ಬಿಗಿ ಹಿಡಿಯಬೇಕು. ಆ ಬಿಗಿ ಎಷ್ಟಿರಬೇಕು, ದಿನಕ್ಕೆ ಎಂಟೋ ಹತ್ತೋ ಅಥವಾ ಇನ್ನೂ ಸಡಿಲಿಸಬಹುದೋ ಎಂಬ ಚರ್ಚೆ ವೈದ್ಯರ ನಡುವೆ ಈಗಲೂ ನಡೆದಿದೆ.

ಅಮ್ಮೀಯ ಮಂಚದ ಕಾಲ ಬಳಿ ತೂಗಿದ್ದ ಹಾಳೆಯಲ್ಲಿ ಮೊದಲ ದಿನ 112, ಎರಡನೆಯ ದಿನ 118, ಮೂರನೆಯ ದಿನ 124 ಎಂದು ಬರೆದಿತ್ತು. ಒಂದು ರಾತ್ರಿ ಸಂಖ್ಯೆ ಎಣಿಸಿದ್ದಕ್ಕಿಂತ ಬೇಗ ಏರುವ ಸೂಚನೆ ಕಂಡು ಡಾಕ್ಟರಮ್ಮ ನಿದ್ದೆಗೆಟ್ಟು ಎರಡೆರಡು ಗಂಟೆಗೊಮ್ಮೆ ರಕ್ತ ತೆಗೆಸಿ ನೋಡುತ್ತಿದ್ದರು. ನಾಲ್ಕನೆಯ ದಿನ 129. ಅಂದು ಬೆಳಿಗ್ಗೆ ಅಮ್ಮೀ ನನ್ನನ್ನು ನನ್ನ ಹೆಸರಿನಿಂದಲೇ ಕರೆದು, ಈ ಪ್ಲಾಸ್ಟಿಕ್ ಕೊಳವೆ ಕಿತ್ತುಹಾಕಿ ಚಹಾ ತಂದುಕೊಡು ಎಂದರು. ತಮ್ಮ ಓಡಿಹೋಗಿ ಕ್ಯಾಂಟೀನಿನಿಂದ ಎರಡು ಲೋಟ ತಂದ; ಒಂದನ್ನು ನರ್ಸಿನ ಮೇಜಿನ ಪಕ್ಕದಲ್ಲಿ ತಲೆಯಿಟ್ಟು ಮಲಗಿದ್ದ ಡಾಕ್ಟರಮ್ಮನ ಎದುರಿಗೆ ಸದ್ದಿಲ್ಲದೆ ಇಟ್ಟು ಬಂದ.